ಇಬ್ಬರು ರುಚಿಗಾರ್ತಿಯರು

೪ ಫೆಬ್ರವರಿ

ದೊಡ್ಡಮ್ಮನಿಗೆ ನಿನ್ನ ಇರುವೆಯ ನಮಸ್ಕಾರಗಳು.

ಫೋನಿನಲ್ಲಿ ಹೇಳುವ ಸುದ್ದಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಕಿವಿಗೆ ಫೋನಿನಲ್ಲಿ ಒಂದು ಮಾತು ಬೀಳಬೇಕಾದರೆ ಮೊದಲು ನಮ್ಮ ಇಡೀ ಬೀದಿಗೆ ಕೇಳಿಸಬೇಕು. ನಾನು ಬಸುರಿ. ಮೂರು ತಿಂಗಳು ತುಂಬಿತು. ನಿನ್ನ ಅಳಿಯನ ಕಾಲು ನೆಲದ ಮೇಲಿಲ್ಲ. ಊರಿನವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಈ ಮಹಾನುಭಾವನ ಹೆಂಡತಿ ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತಿಯೇ ಬರಬೇಕು. ಅದಕ್ಕೆ ಈಗ ಪ್ರತಿ ತಿರುವಿನಲ್ಲೂ ಒಂದೊಂದು ಸ್ಟೂಲು ಇಟ್ಟಿದ್ದಾನೆ. ಅಕ್ಕಪಕ್ಕದವರು ಎಡವಿ ಬಿದ್ದು ಬೈಯುತ್ತಿದ್ದಾರೆ.

ಆಫೀಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನಮ್ಮ ಚಹಾ ಕಂಪನಿಯ ಮುಖ್ಯ ರುಚಿಗಾರರು ಜೂನ್ ಕೊನೆಗೆ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ಇರುವವರು ಇಬ್ಬರೇ, ನಾನು ಮತ್ತು ಎದುರು ಮೇಜಿನ ಮಹಾಶಯ. ಅವನು ಚಹಾ ಹೀರುವ ಸದ್ದಿಗೆ ಕಿಟಕಿಯ ಗಾಜು ಅದುರುತ್ತದೆ. ಉಗುಳಿದ ಮೇಲೆ ಮಾತ್ರ ಹೇಳುವುದಕ್ಕೆ ಏನೂ ಇರುವುದಿಲ್ಲ. ನೀನು ರುಚಿಗಾರ್ತಿಯಾಗಿದ್ದ ಕಾಲದಲ್ಲಿ ಹೆಂಗಸು ಅಂತ ನಿನಗೆ ಕೊಡದಂಥ ಕುರ್ಚಿ ಅದು. ನನಗೆ ಬೇಕೇ ಬೇಕು.

ಒಂದು ವಿಷಯ ಕೇಳಬೇಕಿತ್ತು. ನಿಮ್ಮಲ್ಲಿ ಬಸುರಿಯರಾದ ರುಚಿಗಾರ್ತಿಯರ ನಾಲಿಗೆ ಹೇಗಿರುತ್ತಿತ್ತು? ಸುಮ್ಮನೆ ಕೇಳಿದೆ. ಬೆಳಗ್ಗೆ ಎದ್ದಾಗ ನನಗೆ ಬಾಯಲ್ಲಿ ಬೀಗದ ಕೈ ಇಟ್ಟುಕೊಂಡ ಹಾಗಿರುತ್ತದೆ. ಕೆಲಸಕ್ಕೆ ನಿಲ್ಲುವ ಹೊತ್ತಿಗೆ ಸರಿಹೋಗುತ್ತದೆ.

ಇದರ ಜೊತೆ ನಾಲ್ಕು ಪೊಟ್ಟಣ ಚಹಾಪುಡಿ ಕಳಿಸಿದ್ದೇನೆ. ಹೊಸ ಹಂಗಾಮಿನ ಮಿಶ್ರಣಕ್ಕೆ ಬಂದ ಮಾದರಿಗಳು, ಅವಸರವಿಲ್ಲ. ಚಿಕ್ಕವಳಿದ್ದಾಗ ನೀನು ಬಟ್ಟಲುಗಳನ್ನು ಸಾಲಾಗಿ ಇಟ್ಟು ನನ್ನ ಕಣ್ಣು ಮುಚ್ಚಿಸಿ ಹೇಳಿಸುತ್ತಿದ್ದೆಯಲ್ಲ, ಈಗ ನೀನು ಹೇಳು ನೋಡೋಣ.

ನಿನ್ನ
ಇರುವೆ

೧೩ ಫೆಬ್ರವರಿ

ನನ್ನ ಇರುವೆಗೆ ಆಶೀರ್ವಾದಗಳು.

ಕಾಗದ ಓದಿದವಳೇ ಕೆಳಮನೆಯ ದರ್ಜಿಯಮ್ಮನನ್ನು ಕೂಗಿ ಕರೆದೆ. ಅವಳು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆಯದೆಯೇ ನಕ್ಕಳು, ಇವಳು ನುಂಗಿಬಿಟ್ಟರೆ ಏನು ಗತಿ ಅಂತ ಹೆದರಿದೆ. ನಿನ್ನಮ್ಮ ಇದ್ದಿದ್ದರೆ ಅಂತ ಒಂದು ಗಳಿಗೆ ಅನ್ನಿಸಿತು. ಆಮೇಲೆ, ಹೆತ್ತವಳಿಲ್ಲದಿದ್ದರೂ ಸಾಕಿದವಳು ಗಟ್ಟಿಯಾಗಿದ್ದೇನಲ್ಲ ಅಂದುಕೊಂಡೆ.

ಈಗ ಬುದ್ಧಿಮಾತು. ಕುರ್ಚಿ ಕೈಗೆ ಬರುವ ತನಕ ಆಫೀಸಿನಲ್ಲಿ ಬಾಯಿ ಬಿಡಬೇಡ. ಬಸುರಿಯರ ನಾಲಿಗೆ ಹೇಗಿರುತ್ತಿತ್ತು ಅಂತ ಕೇಳಿದ್ದೀಯ, ನನಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಸುದ್ದಿ ಗೊತ್ತಾದ ಮರುದಿನವೇ ಅವರನ್ನು ಪ್ಯಾಕಿಂಗ್ ವಿಭಾಗಕ್ಕೆ ಅಟ್ಟುತ್ತಿದ್ದರು. ನೀನು ಹಾಗೆ ಅಟ್ಟಿಸಿಕೊಳ್ಳಬೇಡ. ಇನ್ನೊಂದು, ಎಷ್ಟೇ ಸುಸ್ತಾದರೂ ನಿಂತೇ ರುಚಿ ನೋಡು. ಕೂತು ನೋಡಿದವಳ ನಾಲಿಗೆಯೂ ಕೂತುಬಿಡುತ್ತದೆ ಅಂತ ನನಗೆ ಕಲಿಸಿದವರು ಹೇಳುತ್ತಿದ್ದರು.

ನಿನ್ನ ಪೊಟ್ಟಣಗಳು. ಒಂದನೆಯದು ಚುರುಕು, ಆದರೆ ಬೇಗ ಆರಿಹೋಗುತ್ತದೆ. ಎರಡನೆಯದು ಬರೀ ಬಣ್ಣ. ಮೂರನೆಯದಕ್ಕೆ ಮೈಯಿದೆ, ಹಾಲು ಹಾಕಿದರೂ ತಲೆಯೆತ್ತಿ ನಿಲ್ಲುತ್ತದೆ, ಬಿಡಬೇಡ. ನಾಲ್ಕನೆಯದನ್ನು ಬೇಡದ ನೆಂಟರಿಗೆ ಇಟ್ಟುಕೋ. ಕಿವಿ ಹೋದರೇನಂತೆ, ನಾಲಿಗೆ ಇನ್ನೂ ನನ್ನದೇ!

ಮುದುಕಿಗೆ ಹೊತ್ತು ಹೋಗಲಿ ಅಂತ ಕಳಿಸಿದ್ದೀಯ ಅಂತ ಗೊತ್ತು, ಕಳ್ಳಿ. ಕಳಿಸುತ್ತಿರು.

ದೊಡ್ಡಮ್ಮ

೨ ಮಾರ್ಚ್

ದೊಡ್ಡಮ್ಮ,

ನಿನ್ನ ಮಾತು ಓದಿ ನಕ್ಕೂ ನಕ್ಕೂ ಸಾಕಾಯಿತು. ಮೂರನೆಯದನ್ನು ತೆಗೆದುಕೊಂಡೆವು. ಮುಖ್ಯರು ಅದನ್ನು ಹೀರಿ, "ಮೈಯಿದೆ ಕಣಮ್ಮ ಇದಕ್ಕೆ, ಹೇಗೆ ಹಿಡಿದೆ?" ಅಂದರು. ನನಗೆ ಆನಂದವಾಯಿತೋ ನಾಚಿಕೆಯಾಯಿತೋ ಗೊತ್ತಾಗಲಿಲ್ಲ.

ಈ ಸಲ ಎಂಟು ಪೊಟ್ಟಣ. ಐದನೆಯದನ್ನು ಸ್ವಲ್ಪ ಗಮನವಿಟ್ಟು ನೋಡು. ದೊಡ್ಡ ಸರಕು, ಅದನ್ನೇ ಬುಡವಾಗಿಟ್ಟುಕೊಂಡು ಇಡೀ ಮಿಶ್ರಣ ಕಟ್ಟಬೇಕು. ನನಗೆ ಶುದ್ಧವಾಗಿಯೇ ಅನ್ನಿಸಿತು. ಆದರೂ ನಾಲ್ಕು ಕಣ್ಣಿಗಿಂತ ಎರಡು ನಾಲಿಗೆ ವಾಸಿ.

ಕೆಲಸ ಹೆಚ್ಚು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳು, ಒಂದು ಸಾಲು ಮುಗಿಯುವ ಹೊತ್ತಿಗೆ ಇನ್ನೊಂದಕ್ಕೆ ನೀರು ಹುಯ್ದಿರುತ್ತಾರೆ. ನಡುನಡುವೆ ಬಚ್ಚಲಿಗೆ ಓಡಿ ವಾಂತಿ ಮಾಡಿ, ಮುಖ ತೊಳೆದು, ಲಿಪ್‌ಸ್ಟಿಕ್ ಇಲ್ಲದ ತುಟಿಯಲ್ಲೇ ನಗುತ್ತಾ ಬಂದು ನಿಲ್ಲುತ್ತೇನೆ. ಏಪ್ರನ್ನು ದೊಗಲೆಯಾಗಿರುವುದರಿಂದ ಹೊಟ್ಟೆ ಯಾರಿಗೂ ಕಾಣುವುದಿಲ್ಲ. ನೀನು ಹೇಳಿದಂತೆ ನಿಂತೇ ಇದ್ದೇನೆ. ಡಾಕ್ಟರಮ್ಮ "ಆಗಾಗ ಕೂತ್ಕೋಬೇಕು, ಕೆಲಸ ಕಮ್ಮಿ ಮಾಡ್ಬೇಕು" ಅಂದಳು. ಹೇಳುವುದು ಅವಳ ಕೆಲಸ. ಮನೆಯಲ್ಲಿ ಇವನದೂ ಅದೇ ರಾಗ, ಆಮೇಲೆ ದಿಂಬಿಗೆ ತಲೆ ಕೊಟ್ಟರೆ ಗೊರಕೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವುದು ಇವನನ್ನು ನೋಡಿಯೇ ಹೇಳಿದ್ದಿರಬೇಕು.

ಉತ್ತರ ಬೇಗ ಬರೆ. ಬೇಗ ಅಂದರೆ, ನಿನಗೆ ಬಿಡುವಾದಾಗ.

ಇರುವೆ

೧೨ ಮಾರ್ಚ್

ಇರುವೆ,

ಐದನೆಯದು ಶುದ್ಧ. ಕಣ್ಣು ಮುಚ್ಚಿಕೊಂಡು ತಗೋ. ಎಲೆ ನೋಡು, ಹೇಗೆ ಸುರುಳಿ ಕಟ್ಟಿದೆ! ಬಟ್ಟಲಿಗೆ ಹಾಕಿದರೆ ಹೊಸ ತಾಮ್ರದ ಬಣ್ಣ. ಉಳಿದವುಗಳ ವಿವರ ಹಿಂಬದಿಯಲ್ಲಿದೆ. ಏಳನೆಯದನ್ನು ಹೊಗಳಿದ್ದು ಸ್ವಲ್ಪ ಜಾಸ್ತಿಯಾಯಿತೇನೋ, ಅದೇನೋ ಹುರುಪು ಬಂತು. ನಿನ್ನ ಪೊಟ್ಟಣ ಬಂದ ದಿನ ನನಗೆ ಮತ್ತೆ ಕೆಲಸಕ್ಕೆ ಹೊರಟ ಹಾಗಿರುತ್ತದೆ. ಇಸ್ತ್ರಿ ಸೀರೆ ಉಟ್ಟುಕೊಂಡು ಕೂರುತ್ತೇನೆ. ದರ್ಜಿಯಮ್ಮ ಆಡಿಕೊಳ್ಳುತ್ತಾಳೆ.

ವಾಂತಿಗೆ ಹೆದರಬೇಡ, ವಾಂತಿಯಾದರೆ ಮಗು ಗಟ್ಟಿ ಅಂತಾರೆ. ಡಾಕ್ಟರುಗಳು ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ. ಮಗು ಅಲುಗಾಡಿತಾ? ಬರೆ. ಮೂರೇ ತಿಂಗಳು ತಡೆದುಕೋ, ಆಮೇಲೆ ನೀನೇ ಮುಖ್ಯಸ್ಥೆ, ಕಾಲು ಚಾಚಿಕೊಂಡು ಕೂರು, ಯಾರು ಕೇಳುತ್ತಾರೆ? ಕೈ ಕೆಸರಾದರೆ ಬಾಯಿ ಮೊಸರು.

ದೊಡ್ಡಮ್ಮ

೮ ಏಪ್ರಿಲ್

ದೊಡ್ಡಮ್ಮ,

ತಡವಾಯಿತು, ಬೈಯಬೇಡ. ಗುಟ್ಟು ರಟ್ಟಾಯಿತು. ಏಪ್ರನ್ನಿನ ದಾರ ಕಟ್ಟಿಕೊಳ್ಳುವಾಗ ಮುಖ್ಯರು ನೋಡಿಬಿಟ್ಟರು. ಒಳ್ಳೆಯವರೇ, ಕೆಟ್ಟದಾಗಿ ಏನೂ ಅನ್ನಲಿಲ್ಲ. "ಬಸುರಿ ಹೆಂಗಸಿನ ನಾಲಿಗೆ ನಂಬೋಕಾಗಲ್ಲ ಅಂತ ಹಳಬರು ಹೇಳ್ತಾರಮ್ಮ. ಬೇಕಿದ್ರೆ ಒಂದಷ್ಟು ದಿನ ರಜೆ ತಗೊಳ್ಳಿ" ಅಂದರು. ನಾನು ನಕ್ಕು, "ನಾನು ಹಾಕಿರೋ ಮಾರ್ಕು ನೋಡಿ, ಆಮೇಲೆ ಹೇಳಿ ಸಾರ್" ಅಂದೆ. ಅವರು ನೋಡಿದರು, ಮತ್ತೆ ರಜೆಯ ಮಾತೆತ್ತಲಿಲ್ಲ. ಈ ನಾಲಿಗೆಯನ್ನು ಪಳಗಿಸಿದವಳು ನೀನು ಅಂತ ಅವರಿಗೇನು ಗೊತ್ತು.

ಎದುರು ಮೇಜಿನವನು ಅವತ್ತಿನಿಂದ ನನ್ನನ್ನೇ ನೋಡುತ್ತಿರುತ್ತಾನೆ. ಹೀರಿದ ಚಹಾ ಉಗುಳುವ ನನ್ನ ಸ್ಪಿಟೂನನ್ನು ಕಾಲಿನಿಂದ ನನ್ನ ಹತ್ತಿರಕ್ಕೆ ತಳ್ಳುತ್ತಾನೆ, ಬಗ್ಗಬಾರದು ಅಂತಲೋ ಅಣಕಕ್ಕೋ ತಿಳಿಯದು. ನಾನು ಅದನ್ನು ಮತ್ತೆ ಅದರ ಜಾಗಕ್ಕೇ ತಳ್ಳುತ್ತೇನೆ.

ಮಗು ಚೆನ್ನಾಗಿ ಒದೆಯುತ್ತಿದೆ. ನಾನೂ ಚೆನ್ನಾಗಿದ್ದೇನೆ. ಆರು ಪೊಟ್ಟಣ ಇಟ್ಟಿದ್ದೇನೆ.

ಇರುವೆ

೧೭ ಏಪ್ರಿಲ್

ಇರುವೆ,

ಶಹಬ್ಬಾಸ್! ಮುಖ್ಯಸ್ಥನ ಬಾಯಿ ಮುಚ್ಚಿಸಿದೆಯಲ್ಲ, ಅದು ನಮ್ಮ ಮನೆತನದ ಗುಣ. ಎದುರು ಮೇಜಿನವನನ್ನು ನಂಬಬೇಡ. ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು, ಸರಿ. ಆದರೆ ರುಚಿ ನೋಡುವ ಕೋಣೆಯಲ್ಲಿ ನಾಲಿಗೆ ಎಷ್ಟು ಒಳ್ಳೆಯದೋ ಅಷ್ಟು ವೈರಿಗಳು.

ಕಾಗದ ಚಿಕ್ಕದಾಯಿತು ಈ ಸಲ. ಮೊದಲೆಲ್ಲ ಪುಟಗಟ್ಟಲೆ ಬರೆಯುತ್ತಿದ್ದೆ. ಹೊಟ್ಟೆಯಲ್ಲಿರುವವರ ಮುಂದೆ ದೊಡ್ಡಮ್ಮ ಹಳಬಳಾದಳು ಅಂತ ಕಾಣುತ್ತದೆ, ಇರಲಿ. ಆರು ಪೊಟ್ಟಣದ ವಿವರ ಹಿಂಬದಿಯಲ್ಲಿ.

ದೊಡ್ಡಮ್ಮ

೨೧ ಮೇ

ದೊಡ್ಡಮ್ಮ,

ಕೂತುಕೊಂಡು ಓದು.

ಮಾರ್ಚಿನಲ್ಲಿ ಕಳಿಸಿದ್ದೆನಲ್ಲ, ಆ ಐದನೇ ಪೊಟ್ಟಣದ ಸರಕಿಗೆ ಹೊಗೆ ಹಿಡಿದಿತ್ತು. ಎಲೆ ಒಣಗಿಸುವಾಗ ಎಲ್ಲೋ ಒಲೆಯ ಹೊಗೆ ನುಗ್ಗಿರಬೇಕು. ಕಣ್ಣಿಗೆ ಕಾಣುವುದಿಲ್ಲ, ಬಾಯಿಗೆ ಇಟ್ಟ ತಕ್ಷಣ ಗೊತ್ತಾಗುತ್ತದೆ. ನನ್ನ ಮಾರ್ಕು ನಂಬಿ ಬೇರೆ ಯಾರೂ ಅದನ್ನು ಹೀರಿ ನೋಡಿರಲಿಲ್ಲ. ಅದನ್ನು ಬುಡವಾಗಿಟ್ಟು ಕಟ್ಟಿದ ಇಡೀ ಮಿಶ್ರಣ ಹೊರಟು ಹೋಗಿ, ಕೊಂಡವರು ಮೊನ್ನೆ ಎಲ್ಲವನ್ನೂ ಹಿಂದಕ್ಕೆ ಕಳಿಸಿದ್ದಾರೆ. ಮುಖ್ಯರು ಒಂದು ಬಟ್ಟಲು ನನ್ನ ಮುಂದೆ ಇಟ್ಟು "ನೋಡಿ" ಅಂದರು. ಹೀರಿದೆ. "ಏನ್ ಸಿಗ್ತು?" ಅಂದರು. ನನಗೆ ಏನೂ ಸಿಗಲಿಲ್ಲ, ದೊಡ್ಡಮ್ಮ. ಬಿಸಿನೀರು ಮತ್ತು ಕಬ್ಬಿಣ.

ಜನವರಿಯಿಂದಲೂ ಹೀಗೇ ಇದೆ. ಕೆಲಸಕ್ಕೆ ನಿಲ್ಲುವ ಹೊತ್ತಿಗೆ ಸರಿಹೋಗುತ್ತದೆ ಅಂತ ಬರೆದದ್ದು ಸುಳ್ಳು. ಎಲೆಯ ಆಕಾರ ನೋಡಿ, ಬಣ್ಣ ನೋಡಿ, ಅತ್ತ ಇತ್ತ ಅಲ್ಲದ ಮಾರ್ಕು ಹಾಕುತ್ತಿದ್ದೆ. ದೊಡ್ಡ ಸರಕುಗಳನ್ನೆಲ್ಲ ಏನಾದರೂ ನೆಪ ಹೇಳಿ ತಡೆಹಿಡಿದು, ನಿನಗೆ ಕಳಿಸಿ, ನೀನು ಬರೆದದ್ದನ್ನೇ ಬರೆಯುತ್ತಿದ್ದೆ. ನಿನಗೆ ಆಟ ಅಂತ ಹೇಳಿದೆ. ಆಟ ಆಗಿರಲಿಲ್ಲ.

ನನಗೆ ಅರ್ಥವಾಗದ್ದು ಒಂದೇ. ನಿನ್ನ ನಾಲಿಗೆ ಹೊಗೆಯನ್ನು ಬಿಡುವುದಿಲ್ಲ. ಹಾಗಾದರೆ ನಾನೇ ಪೊಟ್ಟಣ ಅದಲುಬದಲು ಮಾಡಿರಬೇಕು. ಐದನೆಯದಕ್ಕೆ ಬೇರೆಯದನ್ನು ತುಂಬಿ ಕಳಿಸಿದ್ದರೆ, ಬೇರೆ ಇನ್ನೆಷ್ಟು ಹಾಗಾಗಿದೆಯೋ? ದಿನವೂ ಕೆಲಸ ಮುಗಿದ ಮೇಲೆ ಉಗ್ರಾಣದಲ್ಲಿ ನಿಂತು ಮಾರ್ಚಿನಿಂದ ಇಟ್ಟ ಮಾದರಿಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡುತ್ತಿದ್ದೇನೆ. ತಪ್ಪು ಎಲ್ಲಿ ಆಯಿತು ಅಂತ ತೋರಿಸಿದರೆ ಕುರ್ಚಿ ಹೋದರೂ ಕೆಲಸವಾದರೂ ಉಳಿದೀತು. ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿಲ್ಲ, ತಲೆನೋವು ಬಿಡುತ್ತಲೇ ಇಲ್ಲ. ಹೋದ ವಾರದ ಚೆಕಪ್ಪಿಗೆ ಹೋಗಲಾಗಲಿಲ್ಲ, ಇದು ಮುಗಿದ ಮೇಲೆ ಹೋಗುತ್ತೇನೆ.

ಪೊಟ್ಟಣದಲ್ಲಿ ಏನಾದರೂ ವ್ಯತ್ಯಾಸ ಕಂಡಿತ್ತಾ? ನೆನಪು ಮಾಡಿಕೊಂಡು ಬರೆ. ಬೇಗ ಬರೆ.

ಇರುವೆ

೩೦ ಮೇ

ಇರುವೆ,

ನಿನ್ನ ಕಾಗದ ಬಂದಿತು. ಮನಸ್ಸಿಗೆ ಕಷ್ಟವಾಯಿತು.

ಪೊಟ್ಟಣ ಅದಲುಬದಲಾಗಿರಬಹುದು. ಅಷ್ಟು ಕೆಲಸದ ನಡುವೆ ಯಾರಿಗಾದರೂ ಆಗುವಂಥದ್ದೇ. ಅಂಚೆಯಲ್ಲಿ ಗಾಳಿಯಾಡಿ ಹೊಗೆ ಹೋಗಿರಲೂಬಹುದು. ನನ್ನ ಬಳಿ ಬಂದದ್ದು ಶುದ್ಧವಾಗಿಯೇ ಇತ್ತು. ಧೈರ್ಯಗೆಡಬೇಡ. ಹುಡುಕು, ಸಿಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ದೊಡ್ಡಮ್ಮ

೧೧ ಜೂನ್

ಇರುವೆ,

ನೆನ್ನೆ ಅಳಿಯ ಫೋನು ಮಾಡಿದ. ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ದರ್ಜಿಯಮ್ಮ ಇಸಿದುಕೊಂಡು ಕೇಳಿ, ನನ್ನ ಮುಖ ನೋಡಿ, ಒಂದು ಬಟ್ಟೆ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಆಪರೇಶನ್ ಆಗಿದೆ, ಏಳೇ ತಿಂಗಳು, ಹೆಣ್ಣುಮಗು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ತಾಯಿಗೆ ಬಿಪಿ ಏರಿ ಕಣ್ಣು ಕತ್ತಲೆ ಬಂದು ಉಗ್ರಾಣದಲ್ಲೇ ಬಿದ್ದಿದ್ದಳು ಅಂತ. ಈಗ ಅಪಾಯವಿಲ್ಲ ಅಂತ ಅವನು ಅಂದನಂತೆ. ಅವನು ಯಾವಾಗಲೂ ಹಾಗೇ ಅನ್ನುವವನು.

ಇನ್ನು ಹೇಳುತ್ತೇನೆ. ನನಗೆ ರುಚಿ ಗೊತ್ತಾಗುವುದಿಲ್ಲ. ಮೂರು ವರ್ಷದ ಹಿಂದೆ ಆ ಕೆಟ್ಟ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ನಾಲಿಗೆಯನ್ನೂ ಕರೆದುಕೊಂಡು ಹೋಯಿತು. ಅಡುಗೆಗೆ ಉಪ್ಪನ್ನು ಚಮಚದಲ್ಲಿ ಅಳೆದು ಹಾಕುತ್ತೇನೆ, ಜಾಸ್ತಿಯಾದ ದಿನ ದರ್ಜಿಯಮ್ಮ ಹೇಳುತ್ತಾಳೆ. ಅವಳೊಬ್ಬಳಿಗೇ ಗೊತ್ತು. ಕಿವಿ ಹೋದದ್ದನ್ನು ಊರಿಗೆಲ್ಲ ಹೇಳಿಕೊಂಡು ನಗಿಸಿದೆ. ನಾಲಿಗೆ ಹೋದದ್ದನ್ನು ನಿನಗೂ ಹೇಳಲಾಗಲಿಲ್ಲ. ಅದೂ ಹೋದರೆ ನಾನು ಅಂತ ಏನು ಉಳಿಯಿತು?

ನಿನ್ನ ಪೊಟ್ಟಣ ಬಂದಾಗ, ಮುದುಕಿಯ ಕೈಗೊಂದು ಆಟಿಕೆ ಕೊಟ್ಟಿದ್ದಾಳೆ ಹುಡುಗಿ ಅಂದುಕೊಂಡೆ. ನಿನ್ನ ಸಂತೋಷಕ್ಕೆ, ನನ್ನ ಸಂತೋಷಕ್ಕೆ, ಎಲೆ ನೋಡಿ ಬಣ್ಣ ನೋಡಿ ಹಳೆಯ ಮಾತುಗಳನ್ನೇ ತಿರುವಿ ಮುರುವಿ ಬರೆದೆ. ನೀನೂ ಅದನ್ನೇ ಮಾಡುತ್ತಿದ್ದೆ. ಕುರುಡಿಯ ಕೈ ಕುರುಡಿ ಹಿಡಿದುಕೊಂಡು ಹೋದ ಹಾಗಾಯಿತು.

ಅಲ್ಲಿಯವರೆಗೆ ಮಾಡಿದ್ದಕ್ಕೆ ಗೊತ್ತಿರಲಿಲ್ಲ ಅನ್ನಬಹುದು. ಮೇ ತಿಂಗಳ ನಿನ್ನ ಕಾಗದ ಓದಿದ ಮೇಲೆ ಗೊತ್ತಾಗಿತ್ತಲ್ಲ! ಒಂದು ಮಾತು ಬರೆದಿದ್ದರೆ ನೀನು ಅವತ್ತೇ ಉಗ್ರಾಣದಿಂದ ಮನೆಗೆ ಹೋಗುತ್ತಿದ್ದೆ. ದರ್ಜಿಯಮ್ಮನ ಕೈಯಲ್ಲಿ ಫೋನು ಮಾಡಿಸಬಹುದಿತ್ತು. ನಾನು ದಿನಗಟ್ಟಲೆ ಆ ಕಾಗದ ಹಿಡಿದು ಕೂತು, ಕೊನೆಗೆ ಪೊಟ್ಟಣ ಅದಲುಬದಲಾಗಿರಬಹುದು ಅಂತ ಬರೆದೆ. ಹುಡುಕು ಅಂತ ಬೇರೆ ಬರೆದೆ. ಕಾಲು ಊದಿದೆ, ತಲೆನೋವು ಅಂತ ನೀನು ಬರೆದಿದ್ದೆ. ಓದಿದ್ದೆ. ಅದರ ಬಗ್ಗೆ ಒಂದಕ್ಷರ ಕೇಳಲಿಲ್ಲ. ನನ್ನ ಮರ್ಯಾದೆಯ ಯೋಚನೆಯಲ್ಲಿ ನಿನ್ನ ಕಾಲು ನನಗೆ ಕಾಣಲೇ ಇಲ್ಲ.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಬಾ ಅಂದರೆ ಬರುತ್ತೇನೆ. ಬೇಡ ಅಂದರೆ ಅದನ್ನಾದರೂ ಬರೆ.

ದೊಡ್ಡಮ್ಮ

೬ ಜುಲೈ

ಇರುವೆ,

ಉತ್ತರ ಇಲ್ಲ. ಇರಲಿ, ಅದೂ ಒಂದು ಉತ್ತರವೇ. ಅಳಿಯ ವಾರಕ್ಕೊಮ್ಮೆ ದರ್ಜಿಯಮ್ಮನಿಗೆ ಫೋನು ಮಾಡಿ ಮಗುವಿನ ತೂಕ ಹೇಳುತ್ತಾನೆ. ಅವಳು ಅದನ್ನು ಗೋಡೆಯ ಮೇಲೆ ಬರೆದಿಡುತ್ತಾಳೆ. ನಾನು ಅದರ ಮುಂದೆ ನಿಂತು ಬರುತ್ತೇನೆ.

ಚಿಕ್ಕ ಅಂಗಿಗಳನ್ನು ಅವಳು ಹೊಲಿದಿದ್ದಾಳೆ, ನಾನು ಗುಂಡಿ ಹಾಕಿದ್ದೇನೆ. ಇದರ ಜೊತೆ ಕಳಿಸುತ್ತಿದ್ದೇನೆ. ಅಳತೆಗೆ ದೊಡ್ಡವಾಗುತ್ತವೆ.

ದೊಡ್ಡಮ್ಮ

೧೯ ಆಗಸ್ಟ್

ದೊಡ್ಡಮ್ಮನಿಗೆ,

ಮಗು ಮನೆಗೆ ಬಂದು ಎರಡು ವಾರವಾಯಿತು. ಈಗ ಪಕ್ಕದಲ್ಲಿ ಮಲಗಿದೆ. ನೀನು ಕಳಿಸಿದ ಅಂಗಿಯೊಳಗೆ ಎಲ್ಲೋ ಇದೆ, ಹುಡುಕಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಮೊದಲ ದಿನಗಳಲ್ಲಿ ಇವಳು ನಿಜಕ್ಕೂ ಹೆಗ್ಗಣದ ಮರಿಯಷ್ಟೇ ಇದ್ದಳು. ಈಗ ಅತ್ತರೆ ನಾಲ್ಕು ಮಹಡಿಗೂ ಕೇಳಿಸುತ್ತದೆ. ನಿನಗೂ ಕೇಳಿಸೀತು.

ನಿನ್ನ ಮೇ ತಿಂಗಳ ಕಾಗದವನ್ನು ಆಸ್ಪತ್ರೆಯಲ್ಲಿ ಓದಿದೆ. ಹುಡುಕು, ಸಿಗುತ್ತದೆ ಅಂತ ಇತ್ತಲ್ಲ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದವಳು ಆ ಪೊಟ್ಟಣವನ್ನು ಮನಸ್ಸಿನಲ್ಲೇ ಇನ್ನಷ್ಟು ದಿನ ಹುಡುಕಿದೆ. ಆಮೇಲೆ ಜೂನಿನದು ಬಂತು. ಓದಿ ತುಂಬಾ ಸಿಟ್ಟು ಬಂತು. ಈಗಲೂ ಇದೆ. ಕಡಿಮೆಯಾಗಲಿ ಅಂತ ಕಾದೆ, ಪೂರ್ತಿ ಆಗಲಿಲ್ಲ. ಪೂರ್ತಿ ಹೋಗುವ ತನಕ ಕಾದರೆ ಇವಳಿಗೆ ಮದುವೆಯಾದೀತು ಅಂತ ಇವತ್ತು ಬರೆಯಲು ಕೂತೆ.

ಡಾಕ್ಟರಮ್ಮನನ್ನು ಕೇಳಿದೆ, ನಿಂತದ್ದರಿಂದ ಹೀಗಾಯಿತಾ, ಕೆಲಸದ ಚಿಂತೆಯಿಂದ ಆಯಿತಾ ಅಂತ. "ಇದರಿಂದಲೇ ಅಂತ ಹೇಳೋಕಾಗಲ್ಲಮ್ಮ. ಸುಮ್ಮನೆ ಮಲಗಿರೋರಿಗೂ ಬಿಪಿ ಬರತ್ತೆ. ಆದ್ರೆ ಚೆಕಪ್ಪಿಗೆ ಬಂದಿದ್ರೆ ಮೊದಲೇ ಹಿಡೀಬಹುದಿತ್ತು" ಅಂದಳು. ಅವಳು ಬೈದಿದ್ದರೆ ವಾಸಿಯಾಗಿತ್ತು.

ಕುರ್ಚಿ ಎದುರು ಮೇಜಿನವನಿಗೆ ಹೋಯಿತು. ಆಸ್ಪತ್ರೆಗೆ ಬಂದಿದ್ದ. ಬಾಗಿಲಲ್ಲೇ ನಿಂತು ಚಡಪಡಿಸಿ, ಕೊನೆಗೆ ಅಂದ: "ನನ್ ಹೆಂಡ್ತಿಗೂ ಬಸುರಿಯಾಗಿದ್ದಾಗ ಹೀಗೇ ರುಚಿ ಹೋಗಿತ್ತು ಮೇಡಂ. ನಿಮಗೂ ಹಾಗೇ ಆಗಿರಬೇಕು ಅಂತ ನನಗೆ ಅನುಮಾನ ಇತ್ತು. ಒಂದ್ ಮಾತು ಹೇಳಿದ್ರೆ ನಿಮ್ಮ ಸಾಲೂ ನಾನೇ ನೋಡ್ತಿದ್ದೆ. ಕೇಳೋಕೆ ಹೋದ್ರೆ ನೀವು ಸ್ಪಿಟೂನ್ ವಾಪಸ್ ತಳ್ತಿದ್ರಿ." ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆರು ತಿಂಗಳ ಮೇಲೆ ವಾಪಸು ಬನ್ನಿ, ಅಲ್ಲಿಯವರೆಗೆ ಮೇಜು ಖಾಲಿ ಇಟ್ಟಿರುತ್ತೇನೆ ಅಂದಿದ್ದಾನೆ. ನನಗೆ ರುಚಿ ಮರಳಿ ಬಂದಿದೆ. ಹೋಗುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಕೂರಿಸಿ ನರ್ಸಮ್ಮ, "ಮಗು ಹತ್ರ ಏನಾದ್ರೂ ಮಾತಾಡ್ತಿರಿ, ನಿಮ್ಮ ದನಿ ಅದಕ್ಕೆ ಗೊತ್ತು" ಅನ್ನುತ್ತಿದ್ದಳು. ಏನು ಮಾತಾಡುವುದು? ಅಷ್ಟೂ ತಿಂಗಳು ನಾನು ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಒದೆಯುತ್ತಿದೆ ಅಂತ ನಿನಗೆ ಬರೆದ ದಿನ ಅವಳು ಒದ್ದಿದ್ದಳೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ, ದೊಡ್ಡಮ್ಮ. ಅವಳು ಮೊದಲ ಸಲ ಅಲುಗಾಡಿದ ದಿನ ಯಾವುದೋ ಬಟ್ಟಲುಗಳ ನಡುವೆ ಕಳೆದುಹೋಯಿತು, ಇನ್ನು ಅದು ಸಿಗುವುದಿಲ್ಲ. ಕೊನೆಗೆ ಒಂದು ದಿನ, "ನನಗೆ ಭಯ ಆಗ್ತಿದೆ ಕಂದ" ಅಂದೆ. ಪಕ್ಕದ ಪೆಟ್ಟಿಗೆಯ ಮಗುವಿಗೆ ಹಾಲು ಕೊಡುತ್ತಿದ್ದ ನರ್ಸಮ್ಮ ತಿರುಗಿಯೂ ನೋಡದೆ, "ಇಲ್ಲಿ ಎಲ್ರೂ ಅದನ್ನೇ ಹೇಳೋದು, ಹೇಳಿ ಹೇಳಿ" ಅಂದಳು.

ಹೇಳಿದೆ. ಜನವರಿಯಿಂದ ಆದದ್ದನ್ನೆಲ್ಲ ಅವಳಿಗೆ ಹೇಳಿದೆ. ನಾಲಿಗೆ ಹೋದಾಗ ಎಷ್ಟು ಹೆದರಿದ್ದೆ, ನಿನಗೆ ನಾಚಿಕೆಯಾಗದಿರಲಿ ಅಂತ ಹೇಗೆ ನಿಂತೇ ಇದ್ದೆ, ಎಲ್ಲ. ನಿನಗೆ ಅಷ್ಟು ಕಾಗದ ಬರೆದೆನಲ್ಲ, ಒಂದರಲ್ಲೂ ಭಯವಾಗುತ್ತಿದೆ ಅಂತ ಬರೆದಿರಲಿಲ್ಲ.

ಬಾ, ದೊಡ್ಡಮ್ಮ. ಮೆಟ್ಟಿಲಿನ ತಿರುವಿನ ಸ್ಟೂಲುಗಳು ಇನ್ನೂ ಇವೆ, ಕೂತು ಕೂತು ಹತ್ತು. ಜಗಳವಾಡುವುದಿದ್ದರೆ ಎದುರುಬದುರು ಕೂತು ಆಡೋಣ. ಆದರೆ ಬರುವ ಮೊದಲು ಇದೊಂದು ನಿನಗೆ ಗೊತ್ತಿರಲಿ. ಭಯವಾಗುತ್ತಿದೆ ಅನ್ನುವ ಆ ಒಂದು ಸಾಲನ್ನು ನಾನು ಫೆಬ್ರವರಿಯಲ್ಲೇ ಬರೆದಿದ್ದರೆ ನೀನು ಮರ್ಯಾದೆ, ಕುರ್ಚಿ, ನಾಲಿಗೆ ಎಲ್ಲ ಬಿಟ್ಟು ಮರುದಿನದ ಗಾಡಿಗೇ ಬಂದುಬಿಡುತ್ತಿದ್ದೆ. ಅದು ನನಗೆ ಆಗಲೂ ಗೊತ್ತಿತ್ತು.

ಇರುವೆ